ಕಲಮದಾನಿ

ಲಾಳದ ಕಡ್ಡಿಯನ್ನು ಮಸಿಯಲ್ಲಿ ಅದ್ದಿ ಬರೆಯುತ್ತಿದ್ದ ಕಾಲದಲ್ಲಿ ಕಾಶ್ಮೀರದ ಕರಣಿಕರು ಬಳಸುತ್ತಿದ್ದ ಲೇಖನಿಪೆಟ್ಟಿಗೆಯೇ ಕಲಮದಾನಿ. ಹೂದಾನಿ, ಪೀಕದಾನಿಗಳಲ್ಲಿರುವ ‘ದಾನಿ’ಯೇ ಇಲ್ಲಿಯೂ ಇದೆ. ಗೇಣುದ್ದದ ಈ ಪೆಟ್ಟಿಗೆ ಮೇಲ್ನೋಟಕ್ಕೆ ಮರದ್ದೆಂದೇ ತೋರುತ್ತದೆ. ಆದರೆ ಅದು ಬರಿಯ ಕಾಗದ!

ರದ್ದಿ ಕಾಗದವನ್ನು ದಿನಗಟ್ಟಲೆ ನೀರಿನಲ್ಲಿ ನೆನೆಯಿಟ್ಟು, ಒರಳಿನಲ್ಲಿ ಕುಟ್ಟಿ, ಅಕ್ಕಿಯ ಗಂಜಿ ಬೆರೆಸಿ ಅಚ್ಚಿನ ಮೇಲೆ ಮೆತ್ತುತ್ತಾರೆ. ಒಣಗಿದ ಮೇಲೆ ಗರಗಸದಿಂದ ಕೊಯ್ದು, ಅಚ್ಚಿನಿಂದ ಬಿಡಿಸಿ, ಮತ್ತೆ ಅಂಟಿನಿಂದ ಕೂಡಿಸಿ, ಬಿಳಿಯ ಲೇಪ ಕೊಟ್ಟು ನುಣ್ಣಗೆ ಉಜ್ಜುತ್ತಾರೆ. ಇಷ್ಟನ್ನು ಮಾಡುವವನು ಸಖ್ತಾಸಾಜ್. ಅನಂತರ ಪೆಟ್ಟಿಗೆಯು ನಕ್ಕಾಶನ ಕೈಸೇರುತ್ತದೆ. ಅವನ ಕುಂಚದಿಂದ ಚಿನಾರ್ ಎಲೆ, ಬಾದಾಮಿ, ಮಿಂಚುಳ್ಳಿ ಮೂಡುತ್ತವೆ. ‘ಹಜಾರಾ’ ಮಾದರಿಯಲ್ಲಂತೂ ನೆಲವೇ ಕಾಣದಂತೆ ಹೂವುಗಳು. ನೋಡಿದವರು ಹೊಗಳುವುದು ನಕ್ಕಾಶನನ್ನೇ. ಬಣ್ಣದ ಅಡಿಯಲ್ಲಿ ಮರೆಯಾದವನ ಶ್ರಮ ಕಡಿಮೆಯದೆಂದು ನನಗೆ ಎಂದೂ ಅನ್ನಿಸಿಲ್ಲ.

ಕಲಮದಾನಿಯಿಂದಾಗಿ ಈ ಕಲೆಗೇ ‘ಕಾರ್-ಇ-ಕಲಮದಾನಿ’ ಎಂಬ ಹೆಸರು ಬಂದಿತ್ತು. 19ನೆಯ ಶತಮಾನದಲ್ಲಿ ಕಾಶ್ಮೀರದ ಶಾಲುಗಳು ಇಂಥದೇ ಕಾಗದದ ಪೆಟ್ಟಿಗೆಗಳಲ್ಲಿ ಫ್ರಾನ್ಸಿಗೆ ಹೋದವು. ಶಾಲಿನೊಡನೆ ಪೆಟ್ಟಿಗೆಗೂ ಅಲ್ಲಿ ಬೆಲೆ ಬಂದಿತು. 1870–71ರ ಯುದ್ಧದ ತರುವಾಯ ಶಾಲಿನ ವ್ಯಾಪಾರ ಕುಸಿಯಿತು. ಹೊಸ ಬಗೆಯ ಲೇಖನಿಗಳು ಬಂದಮೇಲೆ ಕಲಮದಾನಿ ವಸ್ತುಸಂಗ್ರಹಾಲಯದ ಗಾಜಿನ ಕಪಾಟನ್ನು ಸೇರಿತು. ಶ್ರೀನಗರದಲ್ಲಿ ಕಾಗದದ ಪೆಟ್ಟಿಗೆಗೆ ಬಣ್ಣ ಬರೆಯುವ ಕೆಲಸ ಇಂದಿಗೂ ನಡೆದಿದೆ. ಆದರೆ ಕಾಗದ ಕುಟ್ಟುವವರು ವಿರಳರಾಗಿದ್ದಾರೆ. ಅನೇಕ ಪೆಟ್ಟಿಗೆಗಳ ಒಡಲು ಈಗ ರಟ್ಟಿನದು, ಇಲ್ಲವೆ ಮರದ್ದೇ.