ಮುಂಬೈ ಬಿಸಿಲಿಗೆ ಜಗ್ಗದ ಕರಂಡೆ

ಮೇ ತಿಂಗಳಲ್ಲಿ ಬೊರಿವಲಿ, ಠಾಣೆ ಕಡೆ ಆದಿವಾಸಿ ಹೆಂಗಸರು ಎಲೆಯ ದೊನ್ನೆಯಲ್ಲಿ ಮಾರುವ ಕಪ್ಪು ಕರವಂದ ನಮ್ಮ ಕರಾವಳಿಯವರ ಕರಂಡೆಯೇ, ಬೆಳಗಾವಿಯವರಿಗೆ ಕವಳಿ. ಹಣ್ಣು ಎಲ್ಲರಿಗೂ ಗೊತ್ತು, ಹೂವಿಗಾಗಿ ನೆಡುವವರು ಮಾತ್ರ ಕಡಿಮೆ. ಮುಂಬೈಯಲ್ಲಿ ನಾಲ್ಕು ತಿಂಗಳಲ್ಲಿ 2,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ, ಉಳಿದ ಎಂಟು ತಿಂಗಳು ಮಳೆ ತೀರಾ ಕಡಿಮೆ. ಎರಡನ್ನೂ ತಾಳಿಕೊಂಡು ವರ್ಷವಿಡೀ ಹಸಿರಾಗಿರುವ ಪೊದೆಗಿಡ ಇದು. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಲ್ಲುಗುಡ್ಡಗಳಲ್ಲಿ ತಾನಾಗಿಯೇ ಬೆಳೆದಿದೆ.

ಬೇಸಿಗೆಗೆ ಮುಂಚೆ ಕೊಂಬೆಯ ತುದಿಯಲ್ಲಿ ಗೊಂಚಲು ಗೊಂಚಲಾಗಿ ಬಿಳಿ ಹೂ ಬಿಡುತ್ತದೆ. ಮೊಗ್ಗು ತುಸು ಗುಲಾಬಿ, ತಿರುಚಿದ ಹಾಗಿರುತ್ತದೆ, ಪರಿಮಳ ಮಲ್ಲಿಗೆಯದು. ಹೂವಿನ ನಳಿಗೆ ಕಿರಿದಾದ್ದರಿಂದ ಉದ್ದ ಸೊಂಡಿಲಿನ ಪತಂಗ, ಚಿಟ್ಟೆಗಳಿಗೆ ಇದು ಹೇಳಿ ಮಾಡಿಸಿದ್ದು, ಜೇನ್ನೊಣಗಳೂ ಬರುತ್ತವೆ. ನರ್ಸರಿಯವರು ಇದರ ಬದಲು ಬೋಗನ್‌ವಿಲ್ಲಾ ಮುಂದೊಡ್ಡುತ್ತಾರೆ. ನೋಡಲು ಚೆಂದವೇ, ಆದರೆ ಅದು ದಕ್ಷಿಣ ಅಮೆರಿಕದ್ದು. ಲಂಟಾನಕ್ಕೆ ಚಿಟ್ಟೆ ಮುತ್ತುವುದು ನಿಜ. ಆದರೂ ನಮ್ಮ ಕಾಡುಗಳನ್ನು ನುಂಗಿದ ಕಳೆಯನ್ನು ದುಡ್ಡು ಕೊಟ್ಟು ತರುವುದೇಕೆ?

ಮೊದಲು ಜಾಗ ಗೊತ್ತುಮಾಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು, ನೀರು ನಿಲ್ಲಬಾರದು. ಗೆಣ್ಣು ಗೆಣ್ಣಿಗೂ ಜೋಡಿ ಮುಳ್ಳು, ಕೆಲವು ಕವಲೊಡೆದಿರುತ್ತವೆ. ಆದ್ದರಿಂದ ಮಕ್ಕಳು ಆಡುವ ಕಡೆ ಬೇಡ; ಸೊಸೈಟಿಯ ಕಾಂಪೌಂಡ್ ಗೋಡೆಯ ಪಕ್ಕವೇ ಸರಿ. ಬೇಲಿಗೆ ಬೇಲಿಯೂ ಆಯಿತು.

ಸಸಿ ಸಿಕ್ಕರೆ ಒಳ್ಳೆಯದು, ನರ್ಸರಿಯಲ್ಲಿ 'ಕರವಂದ' ಎಂದೇ ಕೇಳಿ. ದಾಪೋಲಿಯ ಕೊಂಕಣ ಕೃಷಿ ವಿಶ್ವವಿದ್ಯಾಲಯದ 'ಕೊಂಕಣ್ ಬೋಲ್ಡ್' ದೊಡ್ಡ ಹಣ್ಣಿನ ತಳಿ. ಬೀಜದಿಂದಲೂ ಬೆಳೆಸಬಹುದು: ಹಣ್ಣು ತಿಂದು ಬೀಜ ತೊಳೆದು, ನೆರಳಲ್ಲಿ ಆರಿಸಿ ಕೂಡಲೇ ಬಿತ್ತಿ. ಡಬ್ಬಿಯಲ್ಲಿ ಮುಂದಿನ ವರ್ಷಕ್ಕೆಂದು ಇಟ್ಟರೆ ಮೊಳೆಯದು. ಬೀಜದ ಗಿಡ ಹೂ ಬಿಡಲು ಎರಡು-ಮೂರು ವರ್ಷ ಕಾಯಬೇಕು.

ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ನೆಡಿ. ಒಂದೂವರೆ ಅಡಿ ಗುಂಡಿ ತೋಡಿ, ಕಟ್ಟಡದ ಸಿಮೆಂಟ್ ಚೂರು, ಅವಶೇಷ ಇದ್ದರೆ ಆರಿಸಿ ತೆಗೆಯಿರಿ. ಕೆಂಪು ಮಣ್ಣಿಗೆ ಸ್ವಲ್ಪ ಮರಳು, ಹಳೆಯ ಗೊಬ್ಬರ ಬೆರೆಸಿ ತುಂಬಿ. ಬೇಲಿಗಾದರೆ ಸಸಿಯಿಂದ ಸಸಿಗೆ ಮೂರು ಅಡಿ. ಬಾಲ್ಕನಿಯಲ್ಲಿ ಬೆಳೆಸುವವರು 18 ಇಂಚಿನ ಕುಂಡ ಬಳಸಿ, ತಳದ ತೂತು ಮುಚ್ಚದಂತೆ ಹೆಂಚಿನ ಚೂರಿಡಿ.

ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಸಲ ನೀರು ಸಾಕು. ನೆಲದಲ್ಲಿ ಬೇರೂರಿದ ಮೇಲೆ ಅದೂ ಬೇಕಿಲ್ಲ. ಕುಂಡದ ಗಿಡಕ್ಕೆ ಮಾತ್ರ ಮೇಲ್ಮಣ್ಣು ಒಣಗಿದಾಗಲೆಲ್ಲ ಹಾಕಿ. ಯೂರಿಯಾ ಕೊಟ್ಟರೆ ಎಲೆ ಹೆಚ್ಚುತ್ತದೆ, ಹೂವಲ್ಲ.

ಸವರುವುದು ಹಣ್ಣು ಮುಗಿದ ಮೇಲೆ, ಮಳೆಗಾಲದ ಆರಂಭದಲ್ಲಿ. ದೀಪಾವಳಿಗೆ ಅಂದವಾಗಲೆಂದು ಮಾಲಿಯಿಂದ ತುದಿ ಕತ್ತರಿಸಿಸಿದಿರೋ, ಆ ವರ್ಷದ ಹೂವೇ ಹೋಯಿತು. ಕೈಗವಸು ಮರೆಯಬೇಡಿ, ಹಾಲು ಅಂಟಿದರೆ ತೆಂಗಿನೆಣ್ಣೆ ಹಚ್ಚಿ ಒರೆಸಿ.

ಕೆಲವೊಮ್ಮೆ ಬೆರಳಿನಷ್ಟು ದಪ್ಪದ ಹಸಿರು ಹುಳು, ಕತ್ತಿನ ಬಳಿ ಎರಡು ನೀಲಿ ಕಣ್ಣಿನಂಥ ಚುಕ್ಕೆ ಹೊತ್ತು, ಎಲೆ ಮೇಯುತ್ತಿರುತ್ತದೆ. ಅದು ಕಣಗಿಲೆ ಪತಂಗದ ಮರಿ. ಗಿಡ ಮತ್ತೆ ಚಿಗುರುತ್ತದೆ, ಸ್ಪ್ರೇ ಹೊಡೆಯಬೇಡಿ. ಸೊಸೈಟಿಗೆ ಕೀಟನಾಶಕದವರು ಬಂದಾಗ ಈ ಸಾಲನ್ನು ಬಿಡುವಂತೆ ಮೊದಲೇ ಹೇಳಿಡಿ.