ಬೆಲೆ ಇಳಿದರೂ ಖರ್ಚು ಇಳಿಯದು

ಏಳೆಂಟು ವರ್ಷ ಓಡಿದ ಆಡಿ ಕ್ಯೂ3, ಬಿಎಂಡಬ್ಲ್ಯು ಎಕ್ಸ್1, ಮರ್ಸಿಡಿಸ್ ಜಿಎಲ್‌ಎಗಳು ಈಗ ಸಾಧಾರಣ ಹೊಸ ಎಸ್‌ಯುವಿಯ ಬೆಲೆಗೆ ಸಿಗುತ್ತಿವೆ. ನಮ್ಮ ಶಿವಮೊಗ್ಗದಂಥ ಊರಲ್ಲೂ ಇಂಥ ಗಾಡಿಗಳ ಮೇಲೆ ಕಣ್ಣಿಟ್ಟವರು ಹೆಚ್ಚಾಗಿದ್ದಾರೆ. ನಾನು ಒಂದನ್ನು ವರ್ಷಗಳಿಂದ ಓಡಿಸುತ್ತಿರುವುದರಿಂದ ವಿಚಾರಿಸುವವರ ಫೋನು ನನಗೆ ಬರುತ್ತದೆ. ನನ್ನದು ಡೀಸೆಲ್, ಆಟೊಮ್ಯಾಟಿಕ್. ನಾನು ಎರಡನೇ ಮಾಲೀಕ. ಎಲ್ಲರಿಗೂ ಮೊದಲು ಹೇಳುವ ಮಾತು ಒಂದೇ: ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹದಿನೈದು ಲಕ್ಷಕ್ಕೆ ತಂದರೂ ಗ್ಯಾರೇಜಿಗೆ ಹೋದಾಗ ಅದು ನಲವತ್ತು ಲಕ್ಷದ ಗಾಡಿಯೇ. ಈ ಲೆಕ್ಕ ಒಪ್ಪಿಗೆಯಾದವರು ಮುಂದಿನದನ್ನು ಓದಿ.

1. ಕಾರು ನೋಡುವ ಮೊದಲು ಫೈಲು ನೋಡಿ.

ಪಾಲಿಶ್ ಹೊಡೆಸಿ ನಿಲ್ಲಿಸಿದ ಗಾಡಿ ಯಾರ ಕಣ್ಣಿಗಾದರೂ ಚಂದವೇ. ನಿಜವಾದ ಚಿತ್ರಣ ಸಿಗುವುದು ಸರ್ವಿಸ್ ಬಿಲ್ಲುಗಳಲ್ಲಿ. ನಾನು ಬಿಲ್ಲುಗಳಲ್ಲಿ ಮೊದಲು ಹುಡುಕುವುದು ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ನಮೂದನ್ನು. ಕ್ಯೂ3 ಡೀಸೆಲ್‌ನಲ್ಲಿರುವಂಥ ಎಣ್ಣೆಯಲ್ಲಿ ಮುಳುಗಿರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗೆ ಸುಮಾರು 60,000 ಕಿ.ಮೀ.ಗೊಮ್ಮೆ ಎಣ್ಣೆ ಬದಲಾಗಬೇಕು. ಲಕ್ಷ ಕಿ.ಮೀ. ದಾಟಿದ ಗಾಡಿಯಲ್ಲಿ ಆ ಬಿಲ್ಲೇ ಇಲ್ಲವೆಂದರೆ ಮುಂದಿನ ದೊಡ್ಡ ಖರ್ಚು ನಿಮ್ಮ ಪಾಲಿಗೆ ಬಂತೆಂದೇ ತಿಳಿಯಿರಿ. ಮೊದಲ ತಲೆಮಾರಿನ ಎಕ್ಸ್1 ಡೀಸೆಲ್ ನೋಡುತ್ತಿದ್ದರೆ, ತಣ್ಣಗಿರುವ ಎಂಜಿನ್ನನ್ನು ನಿಮ್ಮ ಎದುರೇ ಸ್ಟಾರ್ಟ್ ಮಾಡಿಸಿ ಟೈಮಿಂಗ್ ಚೈನ್‌ನ ಸದ್ದು ಕೇಳಿ. ಅದರ ಚೈನ್ ಇರುವುದು ಎಂಜಿನ್‌ನ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆಗೆ. ಅಲ್ಲಿಗೆ ಕೈ ಹಾಕುವುದೆಂದರೆ ಅರ್ಧ ಗಾಡಿ ಬಿಚ್ಚಿದಂತೆ.

ಮೀಟರ್ ತಿದ್ದುವವರು ಎಲ್ಲ ಕಡೆ ಇದ್ದಾರೆ. ಆದರೆ ಈ ಗಾಡಿಗಳಲ್ಲಿ ಓಡಿದ ದೂರ ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಉಳಿಯುವುದಿಲ್ಲ. ಬೇರೆ ಕಂಪ್ಯೂಟರ್ ಘಟಕಗಳಲ್ಲೂ ಇರುತ್ತದೆ. ಬಿಎಂಡಬ್ಲ್ಯುಗಳಲ್ಲಿ ಕೀಲಿಯೊಳಗೂ ದಾಖಲಾಗಿರುತ್ತದೆ. ಸ್ಕ್ಯಾನರ್ ಹಾಕಿ ಹೋಲಿಸಿ ನೋಡಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಮುದ್ರೆ ಇರುತ್ತದೆ: 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು. 2020ರ ಗಾಡಿ 25,000 ಕಿ.ಮೀ. ಮಾತ್ರ ಓಡಿದೆ ಎನ್ನುತ್ತಾರೆ, ಟೈರುಗಳು ಮಾತ್ರ ಹೊಸವು. ಆಗ ಕೂತು ನಿಧಾನವಾಗಿ ಪ್ರಶ್ನೆ ಕೇಳಬೇಕು.

2. ನೀರಲ್ಲಿ ಮುಳುಗಿದ ಗಾಡಿ ಎಷ್ಟೇ ಅಗ್ಗವಾದರೂ ಬೇಡ.

2015ರ ಡಿಸೆಂಬರಿನಲ್ಲಿ ಚೆನ್ನೈ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿದಾಗ ನೆಲಮಾಳಿಗೆಗಳಲ್ಲಿ ನಿಂತಿದ್ದ ದುಬಾರಿ ಕಾರುಗಳೂ ಮುಳುಗಿದವು. ಒಣಗಿಸಿ ತೊಳೆದ ಮೇಲೆ ಅಂಥ ಗಾಡಿ ಹೊರಗಿನಿಂದ ಗೊತ್ತಾಗುವುದಿಲ್ಲ. ನಾನು ಮಾಡುವುದಿಷ್ಟು: ಮುಂದಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯುತ್ತೇನೆ. ಸುರುಳಿಯೊಳಗೆ ಉಳಿಯುವ ಆ ಕೊನೆಯ ಗೇಣುದ್ದವನ್ನು ಯಾರೂ ತೊಳೆಯಲು ಹೋಗುವುದಿಲ್ಲ. ಅಲ್ಲಿ ಕಂದು ಬಣ್ಣದ ಗೆರೆ, ಬೆರಳಿಗೆ ಹತ್ತುವ ಸಣ್ಣ ಮಣ್ಣು ಇದ್ದರೆ ಮಾತು ಮುಗಿಯಿತು. ಆಮೇಲೆ ಸೀಟಿನ ಕೆಳಗಿನ ಹಳಿ, ಅದರ ಬೋಲ್ಟುಗಳ ತುಕ್ಕು, ಡಿಕ್ಕಿಯ ಹಾಸು ಎತ್ತಿದರೆ ಕಾಣುವ ಗುಳಿ. ಹಲವು ಮಾದರಿಗಳಲ್ಲಿ ಬ್ಯಾಟರಿಯೋ ಕಂಟ್ರೋಲ್ ಯೂನಿಟ್ಟೋ ಡಿಕ್ಕಿಯಲ್ಲೇ ಇರುತ್ತದೆ. ನೀರು ಹೊಕ್ಕ ವೈರಿಂಗ್ ಒಂದೇ ದಿನ ಕೆಡುವುದಿಲ್ಲ, ತಿಂಗಳುಗಟ್ಟಲೆ ಕಾಡುತ್ತದೆ.

3. ನಂಬರ್ ಪ್ಲೇಟಿನ ಹಿಂದೆ ತೆರಿಗೆ ಇದೆ.

ದೆಹಲಿಯ ಡೀಸೆಲ್ ಗಾಡಿಗಳು ಇಲ್ಲಿ ಅಗ್ಗವಾಗಿ ಕಾಣುವುದಕ್ಕೆ ಕಾರಣವಿದೆ. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಅಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹತ್ತು ಹತ್ತಿರವಾಗುತ್ತಿದ್ದಂತೆ ಅವು ದಕ್ಷಿಣಕ್ಕೆ ಬರತೊಡಗಿದವು. ತಂದರೆ ಎನ್‌ಒಸಿ ಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ನಮ್ಮಲ್ಲಿ 20 ಲಕ್ಷ ದಾಟಿದ ಕಾರಿಗೆ ಈ ತೆರಿಗೆ ಶೇಕಡಾ 18, ಮೇಲೆ ಸೆಸ್ಸು. ಹಳೆಯ ಗಾಡಿಗೆ ವಯಸ್ಸಿನ ಲೆಕ್ಕದಲ್ಲಿ ರಿಯಾಯಿತಿ. ಪುದುಚೇರಿ ನಂಬರಿನ ಐಷಾರಾಮಿ ಕಾರುಗಳನ್ನು ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಹಿಡಿದು ತೆರಿಗೆ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ಕೆಎ ನಂಬರಿನ ಗಾಡಿಗೆ ಎರಡು ಲಕ್ಷ ಹೆಚ್ಚು ಕೇಳಿದರೂ ಅದೇ ಅಗ್ಗವಾಗಬಹುದು. ಕಾಗದದ ಮೇಲೆ ಕೂಡಿಸಿ ನೋಡಿ. ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಬ್ಯಾಂಕಿನ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

4. ದಿನಾ ಎಷ್ಟು ದೂರ ಓಡಿಸುತ್ತೀರಿ ಎಂಬುದರ ಮೇಲೆ ಡೀಸೆಲ್, ಪೆಟ್ರೋಲ್ ತೀರ್ಮಾನ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜಾಲರಿ ಇರುತ್ತದೆ. ಈ ವರ್ಗದ ಗಾಡಿಗಳಲ್ಲಿ ಅದಕ್ಕೂ ಹಿಂದಿನ ಹಲವು ಡೀಸೆಲ್‌ಗಳಲ್ಲೂ ಇದೆ. ತುಂಬಿದ ಮಸಿಯನ್ನು ಗಾಡಿಯೇ ಸುಟ್ಟುಕೊಳ್ಳುತ್ತದೆ. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು, ಆ ಬಿಸಿಗೆ ಹೈವೇಯಲ್ಲಿ ಒಂದೇ ಸಮನೆ ಓಟ ಬೇಕು. ಮನೆಯಿಂದ ಆಫೀಸಿಗೆ ನಾಲ್ಕು ಕಿ.ಮೀ. ಮಾತ್ರ ಓಡಿಸುವವರ ಗಾಡಿಯಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸುಡಲೆಂದು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಿ ಅದು ತೆಳುವಾಗುತ್ತದೆ. ಊರೊಳಗೇ ಓಡಾಡುವವರು ಮೈಲೇಜಿನ ಆಸೆಗೆ ಡೀಸೆಲ್ ತೆಗೆದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನದಕ್ಕೆ ಒಮ್ಮೆ ತೀರ್ಥಹಳ್ಳಿ ರಸ್ತೆಯಲ್ಲಿ ಹಳದಿ ದೀಪ ಹತ್ತಿ ಪಿಕಪ್ ಸತ್ತುಹೋಯಿತು. ದೊಡ್ಡ ವರ್ಕ್‌ಶಾಪೊಂದರಲ್ಲಿ ಇಡೀ ಡಿಪಿಎಫ್ ಬದಲಿಸಬೇಕೆಂದು ಲಕ್ಷಗಳ ಎಸ್ಟಿಮೇಟ್ ಕೊಟ್ಟರು. ಸ್ಕ್ಯಾನರಿನಲ್ಲಿ ಕಾಣುತ್ತಿದ್ದದ್ದು ಒತ್ತಡದ ಸೆನ್ಸರಿನ ಕೋಡ್ ಮಾತ್ರ. ಬೆಂಗಳೂರಿನ ಅನುಭವಿ ಮೆಕ್ಯಾನಿಕ್ ಒಬ್ಬರು ಗಾಡಿ ಎತ್ತಿಸಿ, ಟಾರ್ಚ್ ಹಿಡಿದು, ಸೆನ್ಸರಿಗೆ ಹೋಗುವ ಕಿರುಬೆರಳು ಗಾತ್ರದ ರಬ್ಬರ್ ಪೈಪನ್ನು ಬಗ್ಗಿಸಿ ತೋರಿಸಿದರು. ಬಿಸಿಗೆ ಗಡುಸಾಗಿ, ಒಳಬದಿಯಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಪೈಪ್ ಬದಲಾಯಿತು, ಕೋಡ್ ಅಳಿಸಿದರು, ದೀಪ ಮತ್ತೆ ಬರಲಿಲ್ಲ.

5. ಆದ್ದರಿಂದಲೇ ಕಾರಿಗಿಂತ ಮೊದಲು ಮೆಕ್ಯಾನಿಕ್‌ನನ್ನು ಹುಡುಕಿ.

ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿ.ಮೀ. ಸಣ್ಣ ದೋಷಕ್ಕೂ ಅಷ್ಟು ದೂರ ಓಡಲಾಗದು. ಒಂದೆರಡು ಸಾವಿರಕ್ಕೆ ಸಿಗುವ ಬ್ಲೂಟೂತ್ ಸ್ಕ್ಯಾನರ್ ಡ್ಯಾಶ್‌ಬೋರ್ಡಿನಲ್ಲಿಟ್ಟುಕೊಳ್ಳಿ. ಕೋಡ್ ಓದಿ, ಫೋಟೊ ತೆಗೆದು ಕಳಿಸಿದರೆ ಬಲ್ಲವರು ಓಡಿಸಬಹುದೋ ಟೋಯಿಂಗ್ ಬೇಕೋ ಎಂದು ಹೇಳುತ್ತಾರೆ. ಬಿಡಿಭಾಗ ಕೊಳ್ಳುವಾಗ ಕಾರಿನ ಕಂಪನಿಯ ಡಬ್ಬಿಯೇ ಬೇಕೆಂದಿಲ್ಲ. ಬಾಷ್, ಮಾನ್, ಮಾಹ್ಲೆ, ಸಾಕ್ಸ್‌ನಂಥವರು ಕಾರು ಕಂಪನಿಗಳಿಗೂ ಮಾಲು ಪೂರೈಸುತ್ತಾರೆ. ಅವರದೇ ಹೆಸರಿನ ಡಬ್ಬಿಯಲ್ಲಿ ಬೆಲೆ ಬಹಳಷ್ಟು ಕಡಿಮೆ. ಬ್ಯಾಟರಿ ವಿಷಯದಲ್ಲಿ ಎಚ್ಚರ: ಸ್ಟಾರ್ಟ್-ಸ್ಟಾಪ್ ಇರುವ ಗಾಡಿಗೆ ಕಂಪನಿ ಹೇಳಿದ ಬಗೆಯ ಬ್ಯಾಟರಿಯೇ, ಹೆಚ್ಚಾಗಿ ಎಜಿಎಂ, ಆಗಬೇಕು. ಹಲವು ಮಾದರಿಗಳಲ್ಲಿ ಹೊಸದನ್ನು ಹಾಕಿದ ಮೇಲೆ ಗಾಡಿಯ ಕಂಪ್ಯೂಟರಿನಲ್ಲಿ ನೋಂದಾಯಿಸಲೂ ಬೇಕು.

6. ಟೈರ್.

ರನ್‌ಫ್ಲಾಟ್ ಟೈರಿದ್ದರೆ ಪಂಕ್ಚರ್ ಆದ ಮೇಲೂ ಸುಮಾರು 80 ಕಿ.ಮೀ. ದೂರ, 80ರ ವೇಗ ಮೀರದೆ ಹೋಗಬಹುದು. ಅದೇ ಕಾರಣಕ್ಕೆ ಅಂಥ ಹಲವು ಗಾಡಿಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಅದರ ಗಡಸು ಪಕ್ಕೆ ನಮ್ಮ ಗುಂಡಿಗಳಿಗೆ ಬಿದ್ದು ಉಬ್ಬುತ್ತದೆ, ಸೊಂಟಕ್ಕೂ ಸುಖವಿಲ್ಲ. ನಾನು ಮಾಮೂಲಿ ಟೈರಿಗೆ ಬದಲಿಸಿ ಡಿಕ್ಕಿಯಲ್ಲಿ ತೆಳು ಸ್ಟೆಪ್ನಿ ಇಟ್ಟುಕೊಂಡಿದ್ದೇನೆ.

7. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ತಾನಾಗಿ ಬರುವುದಿಲ್ಲ.

ಮಾಲೀಕತ್ವ ಬದಲಾದ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ ಹಳೆಯ ಮಾಲೀಕರ ಜೊತೆ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ. ಝೀರೋ ಡೆಪ್ ಸಿಗುವವರೆಗೂ ಬಿಡಬೇಡಿ: ಅದಿಲ್ಲದಿದ್ದರೆ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಹಣ ನೀವೇ ತೆರಬೇಕು.

8. ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ.

ಅಮ್ಮನಿಗೆ ಮಂಡಿನೋವು. ಸೆಡಾನ್‌ಗೆ ಇಳಿಯುವುದೂ ಕಷ್ಟ, ದೊಡ್ಡ ಎಸ್‌ಯುವಿಗೆ ಹತ್ತುವುದೂ ಕಷ್ಟ. ನನ್ನ ಗಾಡಿಯ ಸೀಟು ಅವರ ಸೊಂಟದ ಮಟ್ಟಕ್ಕೇ ಇದೆ, ಸುಮ್ಮನೆ ತಿರುಗಿ ಕೂರುತ್ತಾರೆ. ಮಣಿಪಾಲಕ್ಕೆ ತೋರಿಸಲು ಕರೆದೊಯ್ಯುವಾಗ ಆಗುಂಬೆ ಘಾಟಿಯ ತಿರುವುಗಳಲ್ಲಿ, ಜುಲೈ ಮಳೆಯಲ್ಲಿ, ಗಾಡಿ ರಸ್ತೆಯನ್ನು ಹಿಡಿದುಕೊಳ್ಳುವ ರೀತಿ, ಬ್ರೇಕ್ ಮೇಲೆ ಕಾಲಿಟ್ಟಾಗ ಸಿಗುವ ಭರವಸೆ, ಇದೇ ಬೆಲೆಯ ಹೊಸ ಗಾಡಿಗಳಲ್ಲಿ ನನಗೆ ಸಿಕ್ಕಿಲ್ಲ. ಅದಕ್ಕಾಗಿ ನಾನು ಪ್ರತಿ ವರ್ಷ ಒಂದೂವರೆ ಲಕ್ಷ ಬೇರೆಯೇ ಎತ್ತಿಡುತ್ತೇನೆ. ಕೆಲವು ವರ್ಷ ಅದರಲ್ಲಿ ಅರ್ಧವೂ ಖರ್ಚಾಗುವುದಿಲ್ಲ, ಉಳಿದದ್ದು ಮುಂದಿನ ವರ್ಷದ ಸಸ್ಪೆನ್ಶನ್ ಬುಷ್‌ಗೋ ವಾಟರ್ ಪಂಪ್‌ಗೋ ಆಗುತ್ತದೆ. ಕಾರಿನ ಬೆಲೆಯ ಮೇಲೆ ಇಷ್ಟನ್ನು ಎತ್ತಿಡಲು ಆಗದವರಿಗೆ ನಾನು ಹೊಸ ಮಾರುತಿಯನ್ನೋ ಹ್ಯುಂಡೈಯನ್ನೋ ನೋಡಿ ಎಂದೇ ಹೇಳುತ್ತೇನೆ. ಎತ್ತಿಡಬಲ್ಲವರಿಗೆ ಬೆಂಗಳೂರಿನ ಆ ಮೆಕ್ಯಾನಿಕ್‌ರ ನಂಬರ್ ಕೊಡುತ್ತೇನೆ. ಗಾಡಿ ನೋಡಲು ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ.