ಒಪ್ಪಿಗೆ ಕೇಳದೆ ಆಸ್ಪತ್ರೆಗೆ ಸೇರಿಸಬಹುದೇ?



ಬಬ್ಬೂರು ಕಡೆಯ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯ, ಸಾಲದ ಲೆಕ್ಕ ಎಲ್ಲಾ ಮುಗಿದ ಮೇಲೆ ಒಬ್ಬ ಸದಸ್ಯೆ ಮೆಲ್ಲಗೆ ಕೇಳಿದರು: "ಸಿಸ್ಟರ್, ಅವತ್ತು ನಾವೇ ಆಕೆ ಕೈಕಾಲು ಹಿಡಿದು ಆಟೋ ಹತ್ತಿಸಿದ್ವಿ. ತಪ್ಪು ಮಾಡಿದ್ವಾ?"

ಆಕೆ ಅದೇ ಸಂಘದವರು. ಹಲವು ರಾತ್ರಿ ನಿದ್ದೆಯಿಲ್ಲದೆ, ಊಟ ಬಿಟ್ಟು, ಒಬ್ಬರೇ ಮಾತಾಡಿಕೊಂಡು, ಕೊನೆಗೆ ಬಾವಿ ಕಡೆ ಓಡಿದ್ದರು. ಮೂರು ವಾರ ಮಾನಸಿಕ ಆಸ್ಪತ್ರೆಯಲ್ಲಿದ್ದು ಗುಣವಾಗಿ ಬಂದರು. ಆದರೆ ಸಂಘಕ್ಕೆ ಬರುವುದು ಬಿಟ್ಟರು. ಮನೆಗೆ ಹೋಗಿ ಮಾತಾಡಿಸಿದೆ. "ಔಷಧಿ ಕೊಟ್ಟಿದ್ದು ಒಳ್ಳೇದೇ ಸಿಸ್ಟರ್. ಆದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತೀವಿ ಅಂತ ಒಬ್ರೂ ಹೇಳ್ಲಿಲ್ಲ. ಅಲ್ಲೂ ಕೇಳಿದ್ದೆಲ್ಲಾ ನಮ್ಮನೆಯೋರನ್ನೇ, ನನ್ನನ್ನಲ್ಲ" ಎಂದರು.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಜೀವ ಉಳಿಸಿದ್ದು ತಪ್ಪಲ್ಲ. ಹೇಳದೆ ಒಯ್ದದ್ದು ತಪ್ಪು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಆದಷ್ಟೂ ರೋಗಿಯೇ ಒಪ್ಪಿ ಸೇರಬೇಕು ಎನ್ನುತ್ತದೆ ಅದು. ತಾನೇ ನಿರ್ಧರಿಸಲಾಗದ ಸ್ಥಿತಿಯಿದ್ದು, ತನಗೋ ಇತರರಿಗೋ ಅಪಾಯವಿದ್ದರೆ, ಅಥವಾ ತನ್ನನ್ನು ನೋಡಿಕೊಳ್ಳಲಾಗದೆ ಹಾನಿಯಾಗುವಂತಿದ್ದರೆ ಮಾತ್ರ ಬೇರೆಯವರ ಅರ್ಜಿಯ ಮೇಲೆ ಸೇರಿಸಬಹುದು. ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು. ಮೊದಲಿಗೆ 30 ದಿನಕ್ಕಿಂತ ಹೆಚ್ಚು ಇರಿಸುವಂತಿಲ್ಲ. ಸೇರಿದವರು ಹೆಣ್ಣಾದರೆ 3 ದಿನದೊಳಗೆ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ತಲೆ ಬೋಳಿಸಲು ಬಲವಂತ ಮಾಡುವಂತಿಲ್ಲ, ಸರಪಳಿ ಹಾಕುವಂತಿಲ್ಲ. (ತಮಿಳುನಾಡಿನ ಏರ್ವಾಡಿಯಲ್ಲಿ 2001ರಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ 28 ಮಂದಿ ಸತ್ತರು.) ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡಬಾರದು.

ಇಷ್ಟೆಲ್ಲಾ ಕಟ್ಟುಪಾಡು ಯಾಕೆ? ಬಲವಂತದ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ, ಅದಕ್ಕೆ. ಇಂಗ್ಲೆಂಡಿನಲ್ಲಿ ಕಪ್ಪು ಜನರನ್ನು ಮಾನಸಿಕ ಆಸ್ಪತ್ರೆಯಲ್ಲಿ ಬಲವಂತವಾಗಿ ಇರಿಸುವ ಪ್ರಮಾಣ ಬಿಳಿಯರಿಗಿಂತ ಮೂರು ಪಟ್ಟಿಗೂ ಹೆಚ್ಚು. 2010ರಲ್ಲಿ ಲಂಡನ್ನಿನಲ್ಲಿ ಓಲಸೇನಿ ಲೂಯಿಸ್ ಎಂಬ 23 ವರ್ಷದ ಕಪ್ಪು ಯುವಕ ತಾನಾಗಿಯೇ ಆಸ್ಪತ್ರೆ ಸೇರಿದ್ದ. ಹೊರಗೆ ಹೋಗಲು ನೋಡಿದಾಗ 11 ಪೊಲೀಸರು ಅದುಮಿ ಹಿಡಿದರು. ಕೆಲವೇ ದಿನಗಳಲ್ಲಿ ತೀರಿಕೊಂಡ. ತಂದೆತಾಯಿ ವರ್ಷಗಟ್ಟಲೆ ಹೋರಾಡಿದ್ದರಿಂದ 2018ರಲ್ಲಿ ಆಸ್ಪತ್ರೆಗಳಲ್ಲಿ ಬಲಪ್ರಯೋಗಕ್ಕೆ ಅಂಕೆ ಹಾಕುವ ಕಾನೂನು ಅಲ್ಲಿ ಬಂತು.

ಅಲ್ಲಿ ಬಣ್ಣ. ನಮ್ಮಲ್ಲಿ ಜಾತಿ, ಬಡತನ, ಜೊತೆಗೆ ಹೆಣ್ಣು ಅನ್ನೋದು. ತವರಿನಲ್ಲಿ ಆಸ್ತಿ ಪಾಲು ಕೇಳಿದವಳಿಗೆ, ಕುಡುಕ ಗಂಡನಿಗೆ ಎದುರು ಮಾತಾಡಿದವಳಿಗೆ "ತಲೆ ಕೆಟ್ಟಿದೆ" ಅನ್ನೋದನ್ನು ನಾವೂ ಕೇಳಿದ್ದೇವೆ, ಕೆಲವು ಸಲ ನಾವೂ ಅಂದಿದ್ದೇವೆ. ಜಾತಿ-ಧರ್ಮ, ಬಡತನ ನೋಡಿ, ಅಥವಾ ಊರಿನ ರೀತಿ-ರಿವಾಜಿಗೆ ಹೊಂದಲಿಲ್ಲವೆಂದು ಯಾರನ್ನೂ ಮಾನಸಿಕ ರೋಗಿ ಎನ್ನಬಾರದೆಂದು ಕಾಯ್ದೆಯಲ್ಲೇ ಬರೆದಿದೆ.

ಈಗ ಮುಖ್ಯ ವಿಷಯ. ನಿಮಗೆ ಹುಷಾರಿಲ್ಲದಾಗ ನಿಮ್ಮ ಪರವಾಗಿ ಮಾತಾಡುವವರು ಯಾರೆಂದು ನೀವೇ ಈಗಲೇ ಬರೆದಿಡಬಹುದು. ಇವರಿಗೆ 'ನಾಮನಿರ್ದೇಶಿತ ಪ್ರತಿನಿಧಿ' ಎನ್ನುತ್ತಾರೆ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಸಹಿ ಬಾರದಿದ್ದರೆ ಹೆಬ್ಬೆಟ್ಟು. ಗಂಡನೇ ಆಗಬೇಕೆಂದಿಲ್ಲ. ಅಕ್ಕ, ಗೆಳತಿ, ಸಂಘದ ಸದಸ್ಯೆ, 18 ತುಂಬಿದ ಯಾರಾದರೂ ಆಗಬಹುದು, ಅವರ ಒಪ್ಪಿಗೆ ಬೇಕು. ಯಾವಾಗ ಬೇಕಾದರೂ ಬದಲಾಯಿಸಬಹುದು. ಚಿಕಿತ್ಸೆಯ ವಿವರ ಕೇಳುವುದಕ್ಕೆ, ಬಿಡುಗಡೆಗೆ ಮಂಡಳಿಗೆ ಅರ್ಜಿ ಹಾಕುವುದಕ್ಕೆ ಇವರಿಗೆ ಹಕ್ಕಿದೆ. ಬರೆದಿಡದಿದ್ದರೆ ಆ ಹಕ್ಕು ಮೊದಲು ಹೋಗುವುದು ಸಂಬಂಧಿಕರಿಗೆ.

ಕಾಯಿಲೆ ಶುರುವಿನಲ್ಲೇ ತೋರಿಸಿದರೆ ಕೈಕಾಲು ಹಿಡಿಯುವ ಪರಿಸ್ಥಿತಿ ಬಹಳ ಕಡೆ ಬರುವುದಿಲ್ಲ. ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಫೋನಿನಲ್ಲಿ ಸಲಹೆಗೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ವಕೀಲರ ನೆರವು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ.

ಆ ಸಹೋದರಿ ತಮ್ಮ ತಂಗಿಯ ಹೆಸರು ಬರೆಸಿಟ್ಟಿದ್ದಾರೆ. ಸಂಘಕ್ಕೆ ಇನ್ನೂ ಬಂದಿಲ್ಲ.

ಸಭೆಯಲ್ಲಿ ಚರ್ಚಿಸಿ:
ನಮ್ಮ ಊರಿನಲ್ಲಿ ಯಾರನ್ನಾದರೂ ಹೇಳದೆ ಕೇಳದೆ ಕರೆದೊಯ್ದದ್ದು ಇದೆಯೇ? ಮರಳಿ ಬಂದ ಮೇಲೆ ನಾವು ಅವರೊಡನೆ ಹೇಗಿದ್ದೆವು?
ನಿಮ್ಮ ಪ್ರತಿನಿಧಿಯಾಗಿ ಯಾರ ಹೆಸರು ಬರೆಯುತ್ತೀರಿ? ಮುಂದಿನ ಸಭೆಗೆ ಒಂದೊಂದು ಬಿಳಿ ಹಾಳೆ ತನ್ನಿ.